ತಪ್ಪು ಹೇಳಲು ಬಾರದ ಜರ್ಮನ್ ಮೇಷ್ಟ್ರು

ಸಾಗರದಲ್ಲಿ ನಮ್ಮ ಪಕ್ಕದ ಮನೆಯವರ ತಮ್ಮ ಜರ್ಮನಿಯ ಯೂನಿವರ್ಸಿಟಿಯಲ್ಲಿ ಹೊರದೇಶದ ಹುಡುಗರಿಗೆ ಜರ್ಮನ್ ಭಾಷೆ ಕಲಿಸುತ್ತಿದ್ದರು. ಅರವತ್ತೈದೋ ಅರವತ್ತಾರೋ ಇಸವಿ, ಬೇಸಿಗೆಯಲ್ಲಿ ರಜೆಗೆ ಬಂದರು. ಏನು ಕೊಟ್ಟರೂ ಕನ್ನಡಕ ಸರಿಮಾಡಿಕೊಂಡು "ಚೆನ್ನಾಗಿದೆ" ಅನ್ನೋರು. ಸೀದ ದೋಸೆಗೂ ಚೆನ್ನಾಗಿದೆ. ಇಂಥವರ ಹೊಟ್ಟೆಯೊಳಗೆ ಏನೋ ಇರುತ್ತದೆ ಅಂತ ನನಗೆ ಗುಮಾನಿ.

ಒಂದು ದಿನ ನಾನು ಹಲಸಿನ ಹಪ್ಪಳ ಒತ್ತುತ್ತಿದ್ದಾಗ ನೋಟ್‌ಬುಕ್ ಹಿಡಿದು ಬಂದು ಕೂತರು. "ಅಕ್ಕಾ, ನಿಮ್ಮ ಕೆಲಸದಲ್ಲಿ ತಪ್ಪು ಹುಡುಕಲಾ?"

"ಯಾರು ಕಳಿಸಿದ್ದು, ನಮ್ಮತ್ತೆಯಾ?"

ಆಗ ಬಾಯಿ ಬಿಟ್ಟರು. ಅಲ್ಲಿ ಒಬ್ಬ ಮೇಷ್ಟ್ರ ಕ್ಲಾಸಿನಲ್ಲಿ ಇನ್ನೊಬ್ಬ ಮೇಷ್ಟ್ರು ಹಿಂದೆ ಕೂತು, ಆಮೇಲೆ ಮುಖಕ್ಕೇ ತಪ್ಪು ಹೇಳಬೇಕಂತೆ. ಮೇಷ್ಟ್ರುಗಳು ಕಲಿಯುವುದೇ ಹಾಗಂತೆ. ಇವರು ಎಲ್ಲರಿಗೂ ಚೆನ್ನಾಗಿದೆ ಅಂದಿದ್ದಾರೆ. ರಜೆ ಮುಗಿಸಿ ಹೋಗಿ ಮತ್ತೆ ಹಾಗೇ ಅಂದರೆ ಕೆಲಸದಿಂದ ತೆಗೆಯುತ್ತಾರಂತೆ.

"ಹೇಳಿ ನೋಡಾಣ," ಅಂದೆ.

ಬೆವರು ಒರೆಸಿಕೊಂಡು ಹೇಳಿದರು: "ಹಪ್ಪಳದ ನಡು ದಪ್ಪ ಆಗ್ತಿದೆ."

"ನಿಮ್ಮತ್ತಿಗೆ ಒತ್ತಿದ್ದು ನೋಡಿದ್ರಾ? ಚಾಪೆ ಇದ್ದಂಗೆ ಇರ್ತದೆ!"

"ಇಲ್ಲಕ್ಕಾ, ಚೆನ್ನಾಗೇ ಇದೆ."

"ಅಲ್ಲೂ ಹಿಂಗೇ ಮಾತು ನುಂಗಿದ್ರೆ ಗಂಟುಮೂಟೆ ಕಟ್ಟಿಸ್ತಾರೆ, ಮೇಷ್ಟ್ರೇ. ದಪ್ಪ ಇದೆಯೋ ಇಲ್ವೋ?"

"ಇದೆ," ಅಂದರು, ನೆಲ ನೋಡುತ್ತಾ.

ಹೊರಡುವ ಹಿಂದಿನ ದಿನ ನಮ್ಮಲ್ಲೇ ಊಟ. ಒಂದು ತುತ್ತು ತಿಂದು, ನನ್ನ ಮುಖವನ್ನೇ ನೋಡಿ, "ಸಾರಿಗೆ ಉಪ್ಪು ಜಾಸ್ತಿ ಆಗಿದೆ ಅಕ್ಕಾ" ಅಂದರು. ಅತ್ತೆ ಉಣ್ಣುವುದು ಬಿಟ್ಟು ನನ್ನ ಕಡೆ ತಿರುಗಿದರು. ಇವರ ಕೆಲಸ ಉಳಿಯಿತು ಅಂದುಕೊಂಡೆ.

ನಾನು ಉಣ್ಣಲು ಕೂರುವಷ್ಟರಲ್ಲಿ ಸಾರು ಖಾಲಿ. ಉಪ್ಪು ನಿಜವಾಗಿ ಜಾಸ್ತಿಯಾಗಿತ್ತೋ, ತಪ್ಪು ಹೇಳೋ ಅಭ್ಯಾಸಕ್ಕೆ ಅಂದರೋ, ಆ ಅನುಮಾನ ಇನ್ನೂ ಹೋಗಿಲ್ಲ.