ಗಿಡವೋ, ಮರವೋ

ದೆವ್ವದ ಕಥೆ ಹೇಳುವವರನ್ನು ಕಂಡರೆ ನಗುತ್ತಿದ್ದವನು ನಾನು. ಮೂವತ್ತು ವರ್ಷ ಫೋರ್ಟಿನ ಬ್ಯಾಂಕಿನಲ್ಲಿ ಕೂತು, ಕಣ್ಣಾರೆ ಕಂಡದ್ದನ್ನೂ ಎರಡು ಸಲ ನೋಡುವ ಚಾಳಿ ಬೆಳೆದಿತ್ತು. ನೀವು ಇದನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಬೈಕುಲ್ಲಾದ ರಾಣಿಬಾಗ್ ಬ್ರಿಟಿಷರ ಕಾಲದ ತೋಟ. ಹೆಸರು ಬದಲಾಗಿ ಎಷ್ಟೋ ಕಾಲವಾಯಿತು, ಜನರ ಬಾಯಿ ಬದಲಾಗಿಲ್ಲ. ಹುಲಿ, ಪೆಂಗ್ವಿನ್ ನೋಡಲು ಸಾಲು ನಿಲ್ಲುತ್ತಾರೆ. ಘಾರಾಪುರಿ ದ್ವೀಪದಿಂದ ತಂದ ಕಲ್ಲಾನೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಹೆಂಡತಿ ಶಾಂತಾಳಿಗೆ ಅದಾವುದೂ ಬೇಡ. ಭಾನುವಾರ ವಡಾಲದಲ್ಲಿ ಬಸ್ಸು ಹತ್ತಿದರೆ, ನೇರ ಅಲ್ಲಿನ ಗೋರಖ್‌ಚಿಂಚ್ ಬುಡಕ್ಕೆ. ಆನೆಹೊಟ್ಟೆಯಂಥ ಕಾಂಡದ ಅದು ಅವಳ ಸವಣೂರಿನಲ್ಲೂ ಇದೆ. ಅಲ್ಲಿ ದೊಡ್ಡಹುಣಸೆ ಅನ್ನುತ್ತಾರೆ.

ಅಲ್ಲೇ ನಮ್ಮ ಜಗಳ. ಕುಂದಾಪುರದವನಾದ ನನಗೆ ಅದು ಮರ, ಅವಳಿಗೆ ಗಿಡ. “ಗಿಡ ಅಂದ್ರೆ ಕುಂಡದ ತುಳಸಿ ಮಾರಾಯ್ತಿ” ಎಂದರೆ, “ಮರ ಅಂದ್ರ ಜ್ವಾಳಾ ಕೇರೂದ್ರೀ” ಎನ್ನುವಳು. ಮೊರಕ್ಕೆ ಅವರ ಕಡೆ ಮರ ಎನ್ನುತ್ತಾರೆ. ಮಕ್ಕಳಿಲ್ಲದ ನಮ್ಮ ಮನೆಗೆ ಈ ಜಗಳವೇ ಆಟ. ಇಪ್ಪತ್ತೆಂಟು ವರ್ಷ ಇಬ್ಬರೂ ಸೋಲಲಿಲ್ಲ.

ಕಾಯಿಲೆ ಬಿದ್ದ ಮೇಲೆ ಒಂದು ಭಾನುವಾರ, “ಗಿಡದ ಕಡೆ ಹೋಗಿ ಬರೂಣು ನಡೀರಿ” ಎಂದಳು. ಬಿಸಿಲು ಜೋರಿತ್ತು. ಮುಂದಿನ ವಾರ ಯುಗಾದಿ, ಅವತ್ತು ಖಂಡಿತ ಎಂದೆ. ಗುರುವಾರ ತೀರಿಕೊಂಡಳು. ಆ ಯುಗಾದಿಯ ಬೆಳಿಗ್ಗೆ ನಾನು ಅವಳ ಅಸ್ಥಿ ಬಿಟ್ಟು ಬಂದೆ.

ತಿಂಗಳು ಕಳೆದು ಒಬ್ಬನೇ ರಾಣಿಬಾಗ್‌ಗೆ ಹೋದೆ. ಅಲ್ಲಿ ಎಲೆ ಗುಡಿಸುವ ಹಾವೇರಿ ಕಡೆಯ ಹೆಂಗಸಿಗೆ ನಮ್ಮಿಬ್ಬರ ಮುಖ ಗೊತ್ತು. ಪೊರಕೆ ನಿಲ್ಲಿಸಿ ಕೇಳಿದಳು: “ಅಕ್ಕಾರು ಬರ್ಲಿಲ್ಲೇನ್ರೀ? ಯುಗಾದಿ ದಿನಾ ಒಬ್ಬರೇ ಬಂದು, ಸಂಜೀತನಾ ನಿಮ್ಮ ದಾರಿ ನೋಡಿದ್ರು.”

ಬೇರೆ ಯಾರನ್ನೋ ನೋಡಿರಬೇಕು ಅಂದುಕೊಂಡೆ. ಆಕೆ ನಕ್ಕಳು. “ನಮ್ಮ ಕಡ್ಯಾವರಾಗಿ ಈ ಗಿಡಕ್ಕ ಮರ ಅಂದ್ರು ನೋಡ್ರೀ. ಯಾಕ್ರೀ ಅಕ್ಕಾರ ಅಂದ್ರ, ‘ಅವರು ಬಂದ್ರ ಹೇಳು, ನಾ ಸೋತೆ’ ಅಂದ್ರು.”

ಬುಡದಲ್ಲೇ ಕೂತೆ. ನಮ್ಮ ಜಗಳ ಎಂದಾದರೂ ಆಕೆಯ ಕಿವಿಗೆ ಬಿದ್ದಿರಬಹುದು, ದಿನ ಮರೆತಿರಬಹುದು ಎಂದು ನನ್ನ ಬ್ಯಾಂಕಿನ ಬುದ್ಧಿ ಇವತ್ತಿಗೂ ತಾಳೆ ನೋಡುತ್ತದೆ. ಆದರೆ ‘ನಾ ಸೋತೆ’ ಎಂಬ ಮಾತು? ಬದುಕಿದ್ದಾಗ ಶಾಂತಾ ಅದನ್ನು ಒಮ್ಮೆಯೂ ಅಂದವಳಲ್ಲ. ನನಗೆ ತಿಳಿಯದು. ಬಿಸಿಲಾದರೇನು, ಅವಳನ್ನು ಅಂದೇ ಕರೆದೊಯ್ಯಬೇಕಿತ್ತು, ಅಷ್ಟು ಮಾತ್ರ ಗೊತ್ತು.

ಗುಡಿಸುವಾಕೆಗೆ ನಿಜ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಪ್ರತಿ ಭಾನುವಾರ, “ಅಕ್ಕಾರು ಎಲ್ರೀ?” ಎಂದು ಕೇಳುತ್ತಾಳೆ.

“ಗಿಡದ ಹತ್ರ ಬರ್ತೇನೆ ಅಂದಿದ್ದಾಳೆ” ಎನ್ನುತ್ತೇನೆ.