ನೂರಲ್ಲ, ಹನ್ನೊಂದು

ಗುಲ್ಲಣ್ಣನನ್ನು ಅಜ್ಜಿ ಮೊದಲ ಸಲ ಕಂಡದ್ದು ಒಂದು ಸೋಮವಾರ ಬೆಳಿಗ್ಗೆ, ನಗರಸಭೆ ಕಚೇರಿಯ ಮೆಟ್ಟಿಲ ಕೆಳಗಿನ ಟೀ ಕೋಣೆಯಲ್ಲಿ. ಅಜ್ಜಿಗೆ ಅಲ್ಲಿ ಕಪ್ ತೊಳೆಯುವ ಕೆಲಸ. ಗಂಡ ತೀರಿಕೊಂಡ ವರ್ಷ ಸೇರಿದವಳು, ಒಂಬತ್ತು ವರ್ಷದಿಂದ ಅದೇ ನಲ್ಲಿ, ಅದೇ ಕಲ್ಲು. ಬಾಗಿಲಲ್ಲಿ ಐವತ್ತರ ಆಸುಪಾಸಿನ ಒಬ್ಬ ಬಂದು ನಿಂತ. ಜೇಬಿನ ಪೆನ್ನು ಕಕ್ಕಿ ಅಂಗಿಯ ಎದೆಯೆಲ್ಲ ಶಾಯಿ. ಮಾತ್ರೆ ನುಂಗಬೇಕು, ಸ್ವಲ್ಪ ಬಿಸಿನೀರು ಕೊಡಿ ಎಂದ. ಕೊಟ್ಟಳು. ನೀರು ಪೂರ್ತಿ ಕುಡಿದ. ಯಾವ ಮಾತ್ರೆಯೂ ಹೊರಬರಲಿಲ್ಲ. ಅವನ ಕಣ್ಣು ಗೋಡೆಯ ಹಲಗೆಯ ಮೇಲಿತ್ತು. ಅಲ್ಲಿ ಅಜ್ಜಿ ಪತ್ರಿಕೆ ಹಾಸಿ ತೊಳೆದ ಕಪ್‌ಗಳನ್ನು ಬೋರಲು ಹಾಕಿದ್ದಳು.

"ಅಮ್ಮ, ನನ್ನ ಪತ್ರಿಕೆ ಓದ್ತೀರಾ?"

"ಇದು ನಿಂದಾ? ಓದಲ್ಲಪ್ಪ, ಹಾಸ್ತೀನಿ. ಅಕ್ಷರ ಕೂಡಿಸಿ ಕೂಡಿಸಿ ಓದೋಳು ನಾನು, ಅಷ್ಟು ಪುರುಸೊತ್ತೆಲ್ಲಿ? ಆದ್ರೆ ನೀರು ಚೆನ್ನಾಗಿ ಹೀರುತ್ತೆ ನೋಡು. ದೊಡ್ಡ ಪತ್ರಿಕೆ ಹಾಳೆ ನುಣುಪು, ನೀರು ಹಾಗೇ ನಿಲ್ಲುತ್ತೆ."

"ದೊಡ್ಡವರಿಗೆ ಏನೂ ಒಳಗಿಳಿಯಲ್ಲ ಅನ್ನಿ," ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಪತ್ರಿಕೆಗೆ ಇಷ್ಟು ಒಳ್ಳೆಯ ಮಾತು ಈವರೆಗೆ ಯಾರೂ ಆಡಿಲ್ಲ ಎಂದೂ ಸೇರಿಸಿದ.

ಅದು ನಾಲ್ಕು ಪುಟದ ವಾರಪತ್ರಿಕೆ. ಸಿನಿಮಾದವರ ಜಗಳ, ಓಡಿಹೋದವರ ಸುದ್ದಿ, ಯಾರ ಮನೆಗೆ ಯಾರು ಹಿಂಬಾಗಿಲಿನಿಂದ ಹೋದರು ಎಂಬುದು. ಬರೆಯುವವನು, ಅಚ್ಚು ಹಾಕಿಸುವವನು, ಸೈಕಲ್ಲಿನಲ್ಲಿ ಕಟ್ಟುಕಟ್ಟಾಗಿ ಹೊತ್ತು ಹಂಚುವವನು ಎಲ್ಲ ಅವನೇ. ಒಂದು ಗುಬ್ಬಿ ಹಾರಿದರೆ ನೂರು ಹದ್ದು ಹಾರಿದವು ಎಂದು ಬರೆಯುತ್ತಾನೆಂದು ಜನ ಮೂಗು ಮುರಿಯುತ್ತಿದ್ದರು, ಮುರಿಯುತ್ತಲೇ ಕೊಂಡು ಓದುತ್ತಿದ್ದರು. ಗುಲ್ಲಣ್ಣ ಎಂದು ಹೆಸರಿಟ್ಟವರೂ ಅವರೇ.

ಅವನು ನಗು ನಿಲ್ಲಿಸಿ ದನಿ ತಗ್ಗಿಸಿದ. "ಇಲ್ಲಿಯ ಜವಾನ ನಿಮ್ಮ ಅಳಿಯ ಅಲ್ವಾ? ಟ್ರೇ ಹಿಡ್ಕೊಂಡು ಜಾರಿ ಬಿದ್ದ, ಕಪ್ ಒಡೆದ, ಬೇಜವಾಬ್ದಾರಿ ಮನುಷ್ಯ ಅಂತ ಅಮಾನತು ಮಾಡಿದ್ದಾರೆ. ಗಾಯಕ್ಕೆ ಹೊಲಿಗೆ ಹಾಕಿದ ಕಾಂಪೌಂಡರ್ ನನಗೆ ಬೇಕಾದವನು. ಹುಬ್ಬಿನ ಸಂದಿಯಿಂದ ಟೀ ಸೊಪ್ಪು ತೆಗೆದೆ ಅಂತಾನೆ. ಜಾರಿ ಬಿದ್ದೋನ ಹುಬ್ಬಿಗೆ ಟೀ ಸೊಪ್ಪು ಹೇಗಮ್ಮ ಹತ್ತುತ್ತೆ?"

ಅಜ್ಜಿ ನಲ್ಲಿ ನಿಲ್ಲಿಸಿದಳು.

ನಗರಸಭೆ ಅಧ್ಯಕ್ಷರಿಗೆ ಕೈಯಲ್ಲಿದ್ದದ್ದನ್ನು ಎಸೆಯುವ ಚಾಳಿ. ಟೀ ಆರಿದ್ದರೆ ಎಸೆದರು, ಕಡತ ತಡವಾದರೆ ಎಸೆದರು. ಕಚೇರಿಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ತುಟಿ ಬಿಚ್ಚುವುದಿಲ್ಲ. ಅವರು ರಿಬ್ಬನ್ ಕತ್ತರಿಸುವ ಫೋಟೋ ದೊಡ್ಡ ಪತ್ರಿಕೆಗಳಲ್ಲಿ ದಿನಬಿಟ್ಟು ದಿನ ಬರುತ್ತಿತ್ತು. ಎಸೆಯುವ ಫೋಟೋ ಯಾರು ಹಾಕುತ್ತಾರೆ? ಹದಿನೈದು ದಿನಕ್ಕೆ ಅಳಿಯನ ವಿಚಾರಣೆ. ಮೇಲಿನಿಂದ ಒಬ್ಬ ಅಧಿಕಾರಿ ಬರುತ್ತಾರೆ, ಅವರು ಹೂಂ ಅಂದರೆ ಕೆಲಸ ಹೋದಂತೆಯೇ. ಮಗಳು ಎರಡು ದಿನದಿಂದ ಒಲೆ ಮುಂದೆ ಕೂತು ಬರೀ ಬೆಂಕಿ ನೋಡುತ್ತಿದ್ದಳು.

ಅಜ್ಜಿ ಕೈ ಒರೆಸಿಕೊಂಡು ಹಲಗೆಯ ಹಿಂದಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಒಡೆದ ಕಪ್‌ಗಳ ಹಿಡಿಗಳು.

ಅದಕ್ಕೊಂದು ಕಾರಣವಿತ್ತು. ಉಗ್ರಾಣದ ಗುಮಾಸ್ತೆ ಮಹಾ ಅನುಮಾನದ ಮನುಷ್ಯ. ಒಡೆದ ಕಪ್ಪಿನ ಹಿಡಿ ತೋರಿಸದೆ ಹೊಸ ಕಪ್ ಕೊಡುತ್ತಿರಲಿಲ್ಲ. ಒಂದೇ ಹಿಡಿ ಎರಡು ಸಲ ತಂದಾಳೆಂದು ಅದರ ಮೇಲೆ ಅಳಿಸಲಾಗದ ಶಾಯಿಯಲ್ಲಿ ತಾರೀಖು ಬರೆದು ವಾಪಸ್ ಕೊಡುತ್ತಿದ್ದ, ಪುಸ್ತಕದಲ್ಲೂ ಬರೆಯುತ್ತಿದ್ದ. ತಾರೀಖು ಅವನದಾದರೆ ದಾರ ಅಜ್ಜಿಯದು. ತನ್ನ ಕೈಯಿಂದ ಜಾರಿ ಒಡೆದದ್ದಕ್ಕೆ ಬಿಳಿ ದಾರ, ಅಧ್ಯಕ್ಷರು ಎಸೆದದ್ದಕ್ಕೆ ಕೆಂಪು. ಗುಮಾಸ್ತೆಯ ಮೇಲೆ ಬಿದ್ದಿದ್ದರೆ ಒಂದು ಗಂಟು, ಟೈಪಿಸ್ಟ್ ಹೆಂಗಸಿಗೆ ಎರಡು, ಗುಡಿಸುವವಳಿಗೆ ಮೂರು, ಅಳಿಯನಿಗೆ ನಾಲ್ಕು. ಬರೆಯಲು ಬಾರದವಳು ಇನ್ನೇನು ಮಾಡಿಯಾಳು?

"ಎರಡು ವರ್ಷದ್ದು. ಒಟ್ಟು ಹದಿನಾರು. ಹನ್ನೊಂದು ಅವರದ್ದು, ಐದು ನಂದು," ಎಂದಳು.

ಗುಲ್ಲಣ್ಣ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದ. ಆಮೇಲೆ ಹಾರಿಕೊಂಡು ಹೋದ.

ಶನಿವಾರದ ಪತ್ರಿಕೆ ಮಧ್ಯಾಹ್ನದೊಳಗೆ ಖಾಲಿ. ಅಂಗೈಯಗಲದ ಅಕ್ಷರಗಳು. ಮಗಳು ಓದಿ ಹೇಳಿದಳು: "ಅಧ್ಯಕ್ಷರ ಕೋಣೆಯಲ್ಲಿ ನೂರು ಕಪ್ ಚೂರು. ಸಿಬ್ಬಂದಿಯ ನೆತ್ತರ ಹೊಳೆ."

"ಎಷ್ಟು ಅಂದೆ?"

"ನೂರಮ್ಮ."

ಅಜ್ಜಿ ಬೆರಳಿಟ್ಟು ತಾನೇ ಕೂಡಿಸಿ ಓದಿದಳು. ಎರಡೇ ಅಕ್ಷರ. ನೂರೇ.

ಸೋಮವಾರದ ಸಭೆಯಲ್ಲಿ ಅಧ್ಯಕ್ಷರಿಗಾದ ಸಂತೋಷ ಹೇಳತೀರದು. "ಉಗ್ರಾಣದಿಂದ ಎರಡು ವರ್ಷದಲ್ಲಿ ಬಂದಿರೋದೇ ಹದಿನಾರು ಕಪ್. ನೂರು ನಾನು ಎಲ್ಲಿಂದ ತಂದು ಎಸೀಲಿ? ಮನೆಯಿಂದ ಹೊತ್ಕೊಂಡು ಬಂದ್ನಾ?" ಎಂದರು. ಸಭೆ ಗೊಳ್ಳೆಂದಿತು. ಅಳಿಯನ ಗಾಯವೂ ಆ ನಗುವಿನಲ್ಲಿ ಕೊಚ್ಚಿಹೋಯಿತು. ವಿಚಾರಣೆಗೆ ಇನ್ನು ಎಂಟು ದಿನ.

ಅಂದು ಸಂಜೆ ಅಜ್ಜಿ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಗುಲ್ಲಣ್ಣನ ಕೋಣೆ ಹುಡುಕಿಕೊಂಡು ಹೋದಳು. ಸೈಕಲ್ ರಿಪೇರಿ ಅಂಗಡಿಯ ಮೇಲೊಂದು ಇಕ್ಕಟ್ಟಾದ ಕೋಣೆ. ಅವಳನ್ನು ಕಂಡದ್ದೇ ಅವನು ಕುರ್ಚಿಯ ಮೇಲಿನ ಹಳೆ ಪತ್ರಿಕೆಗಳನ್ನು ನೆಲಕ್ಕೆ ತಳ್ಳಿದ.

"ಹನ್ನೊಂದು ಅಂದಿದ್ದೆ ನಿನಗೆ," ಎಂದಳು ನಿಂತುಕೊಂಡೇ.

"ಅಮ್ಮ, ಹನ್ನೊಂದು ಅಂದ್ರೆ ಯಾರು ಓದ್ತಾರೆ? ಅದೇನು ದೊಡ್ಡ ಸಂಖ್ಯೆನಾ?"

"ನಿನ್ನ ತಲೆ ಮೇಲೆ ಒಂದು ಬೀಳಲಿ, ಆಮೇಲೆ ಹೇಳು ದೊಡ್ಡದೋ ಚಿಕ್ಕದೋ ಅಂತ."

ಅವನು ನೆತ್ತಿ ಸವರಿಕೊಂಡ.

"ನನ್ನ ಅಳಿಯನಿಗೆ ಬಿದ್ದಿರೋದು ನಾಲ್ಕು ಹೊಲಿಗೆ. ನಾನೇ ಎಣಿಸಿದ್ದೀನಿ. ನೀನು ನೆತ್ತರ ಹೊಳೆ ಹರಿಸಿದೆ. ಈಗ ಆ ನಾಲ್ಕೂ ಸುಳ್ಳಾಯ್ತು. ಅಧ್ಯಕ್ಷರು ಎಸೆದ್ರು, ಸರಿ. ಅವರನ್ನ ಬಿಡಿಸಿದ್ದು ಯಾರು?"

ಕೆಳಗಿನ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿ ನೋಡುತ್ತಿದ್ದರು. ಆ ಚಕ್ರ ನಿಲ್ಲುವವರೆಗೂ ಗುಲ್ಲಣ್ಣ ತಲೆ ಎತ್ತಲಿಲ್ಲ. ಪತ್ರಿಕೆ ನಡೆಸಿದ ಹದಿನೇಳು ವರ್ಷದಲ್ಲಿ ಅವನು ತಪ್ಪಾಯಿತು ಎಂದು ಒಂದು ಸಾಲು ಹಾಕಿದವನಲ್ಲ. ಎದ್ದು ಮೇಜನ್ನು ಅಂಗಿಯ ತೋಳಿನಿಂದ ಒರೆಸಿದ.

"ಸುರಿ ಅಮ್ಮ," ಎಂದ. ನೀವು ಹೋಗಿ ನೀನು ಬಂದದ್ದು ಅಂದಿನಿಂದ.

"ಸುರಿದ್ರೆ ಒಡೆಯುತ್ತೆ. ಜೋಡಿಸ್ತೀನಿ."

ಹದಿನಾರೂ ಸಾಲಾಗಿ ಕೂತವು. ಬಿಳಿ ದಾರದ ಐದನ್ನು ಅವನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಅಜ್ಜಿ ಮತ್ತೆ ಸಾಲಿಗೆ ಸರಿಸಿದಳು.

"ಇವು ಬೇಡಮ್ಮ. ನಿನ್ನ ಕೆಲಸಕ್ಕೆ ಕುತ್ತು ಬರುತ್ತೆ."

"ಬಂದ್ರೆ ಬರಲಿ. ಕೈ ಒಣಗಿ ಒಂಬತ್ತು ವರ್ಷ ಆಯ್ತು, ಈಗಲಾದ್ರೂ ಒಣಗಲಿ. ನಂದು ಬಿಟ್ಟು ಅವರದ್ದು ಮಾತ್ರ ಹೇಳಿದ್ರೆ, ಅಳಿಯನ ಪರವಾಗಿ ಮುದುಕಿ ಕಟ್ಟಿದ ಕಥೆ ಅಂತಾರೆ."

ಮುಂದಿನ ಶನಿವಾರದ ಮೊದಲ ಪುಟದಲ್ಲಿ ನಟಿಯಿಲ್ಲ, ನಟನಿಲ್ಲ. ಹದಿನಾರು ಹಿಡಿಗಳ ಫೋಟೋ. ಒಂದೊಂದರ ಕೆಳಗೆ ತಾರೀಖು, ಯಾರ ಮೇಲೆ, ಎಲ್ಲಿ ತಾಗಿತು. ಐದರ ಕೆಳಗೆ, ಕಪ್ ತೊಳೆಯುವ ಅಜ್ಜಿಯ ಕೈಯಿಂದ ಜಾರಿದ್ದು ಎಂದು. ತಲೆಬರಹ: "ನೂರಲ್ಲ, ಹನ್ನೊಂದು. ಹೋದ ವಾರ ಬರೆದದ್ದು ನನ್ನ ಬಾಯಿಚಪಲ." ಗುಲ್ಲಣ್ಣನೂ ತಪ್ಪು ಒಪ್ಪಿದನೇ ಎಂದು ಜನ ಬೆರಗಾಗಿ ಕೊಂಡರು, ಓದಿ ನಂಬಿದರು. ಸ್ವಂತ ಕೈಜಾರಿದ್ದನ್ನು ಬಚ್ಚಿಡದವಳು ಬೇರೆಯವರದ್ದನ್ನು ಯಾಕೆ ಹೆಣೆದಾಳು ಎಂದು ನಲ್ಲಿಕಟ್ಟೆಯಲ್ಲೂ ಬಸ್ಸಿನಲ್ಲೂ ಅದೇ ಮಾತು.

ವಿಚಾರಣೆಗೆ ಬಂದ ಅಧಿಕಾರಿ ಅದೇ ಪುಟ ಮೇಜಿನ ಮೇಲಿಟ್ಟು ಉಗ್ರಾಣದ ಪುಸ್ತಕ ತರಿಸಿದರು. ಗುಮಾಸ್ತೆ ತಾರೀಖು ಓದಿದ, ಅಜ್ಜಿ ಹಿಡಿಗಳನ್ನು ಒಂದೊಂದೇ ಮುಂದಿಟ್ಟಳು. ಒಂದೂ ತಪ್ಪಲಿಲ್ಲ. ಕೊನೆಗೆ ಆ ಗುಮಾಸ್ತೆಯೇ ಕನ್ನಡಕ ತೆಗೆದು, "ಒಂದು ಗಂಟಿನ ಮೂರೂ ನನ್ನ ಬೆನ್ನಿಗೆ ಬಿದ್ದವು ಸಾರ್," ಎಂದ. ಬಾಗಿಲ ಹತ್ತಿರದಿಂದ ಟೈಪಿಸ್ಟ್ ಮುಂದೆ ಬಂದಳು. "ಎರಡು ಗಂಟಿಂದು ನಂದು. ಟೀ ಕಲೆಯಾದ ಸೀರೆ ಇವತ್ತಿಗೂ ಮನೇಲಿದೆ." ಗುಡಿಸುವವಳು ಮಾತೇ ಆಡದೆ ಮೊಣಕೈ ತೋರಿಸಿದಳು.

ಅಳಿಯ ಮರುವಾರವೇ ಟ್ರೇ ಹಿಡಿದ. ಆರೋಗ್ಯ ಸರಿಯಿಲ್ಲವೆಂದು ಅಧ್ಯಕ್ಷರು ಕುರ್ಚಿ ಬಿಟ್ಟದ್ದು ಅದರ ಮುಂದಿನ ತಿಂಗಳು. ಅಲ್ಲಿಯವರೆಗೆ ಅವರಿಗೊಬ್ಬರಿಗೆ ಮಾತ್ರ ಟೀ ಕಾಗದದ ಲೋಟದಲ್ಲಿ ಹೋಗುತ್ತಿತ್ತು. ಹಾಗೆ ಮಾಡಲು ಹೇಳಿದವರು ಯಾರೆಂದು ಕೇಳಿದರೆ ಅಜ್ಜಿ ನಲ್ಲಿ ಜೋರಾಗಿ ಬಿಡುತ್ತಿದ್ದಳು.

ಗುಲ್ಲಣ್ಣ ಸಂತನಾದನೆಂದು ಯಾರೂ ತಿಳಿಯಬಾರದು. ಸಿನಿಮಾದವರ ಜಗಳಕ್ಕೆ ಕೊನೆಯವರೆಗೂ ಖಾರ ಅರೆದೇ ಅರೆದ. ಆದರೆ ಅಧಿಕಾರದಲ್ಲಿದ್ದವರು ಯಾರ ಮೇಲಾದರೂ ಕೈಮಾಡಿದ ಸುದ್ದಿಯಿದ್ದರೆ ಬುಧವಾರ ಟೀ ಕೋಣೆಗೆ ಬಂದು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಪುಟ ಪೂರ್ತಿ ಓದಿ ಹೇಳುತ್ತಿದ್ದ. "ಎಣಿಸಿದ್ಯಾ?" ಎಂದು ಅಜ್ಜಿ. "ಎರಡು ಸಲ," ಎಂದು ಅವನು. ಅವಳು ಕಪ್ ತೊಳೆಯುತ್ತ ಹೂಂ ಅನ್ನಬೇಕು, ಆಮೇಲೆಯೇ ಅಚ್ಚಿಗೆ. ಹನ್ನೆರಡು ವರ್ಷ ಹೀಗೇ ನಡೆಯಿತು. ಅವಳು ಕೆಲಸ ಬಿಟ್ಟ ಮೇಲೆ ಓದು ಅವಳ ಮನೆಯ ಜಗಲಿಗೆ ಬಂತು.

ಅವನು ಕಾಯಿಲೆ ಬಿದ್ದಾಗ ಅಜ್ಜಿ ಆಸ್ಪತ್ರೆಗೆ ನೋಡಲು ಹೋದದ್ದೂ ಒಂದು ಬುಧವಾರವೇ. ಕಿಟಕಿಯಿಂದ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ಮುಖ ಸೊರಗಿತ್ತು, ಕಣ್ಣಿನ ಕುಚೋದ್ಯ ಮಾತ್ರ ಹಾಗೇ ಇತ್ತು. ಅಜ್ಜಿ ಹೊದಿಕೆ ಸರಿಮಾಡಿ ಪಕ್ಕದಲ್ಲಿ ಕೂತಳು.

"ಅಮ್ಮ, ನಾನು ಹೋದ ಮೇಲೆ ಕೊನೇ ಪತ್ರಿಕೆ ನಿನ್ನ ಅಳಿಯ ಹಾಕಿಸ್ತಾನಂತೆ. ನನ್ನ ಮಣ್ಣಿಗೆ ಎಷ್ಟು ಜನ ಬಂದಿದ್ರು ಅಂತ ಅದರಲ್ಲಿ ಇರಬೇಕು. ಸಾವಿರಾರು ಅಂತ ಹಾಕ್ಬಿಡ್ತಾನೆ ಅವನು, ನನ್ನ ಪತ್ರಿಕೆ ಓದಿ ಕೆಟ್ಟಿದ್ದಾನೆ. ನೀನೇ ನಿಂತು ಎಣಿಸ್ತೀಯಲ್ಲ?"

"ಎಣಿಸ್ತೀನಿ ಬಿಡು."

ಅವನು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡ. ನಿದ್ದೆ ಬಂತೆಂದು ಅಜ್ಜಿ ಎದ್ದಳು. ಅವನು ಒಂದು ಕಣ್ಣು ತೆರೆದ.

"ತೀರಾ ಕಮ್ಮಿ ಬಂದ್ರೆ, ಒಂದಿಬ್ಬರನ್ನ ಸೇರಿಸ್ಬಹುದಾ ಅಮ್ಮ?"