ಸ್ಟಾಪ್ ಒತ್ತಿದ ಮೇಲಿನ ಕೆಲಸ

ಬಾಬುರಾಯನಕೊಪ್ಪಲಿನ ಆ ಆಫೀಸಿಗೆ ಸೇರಿದಾಗ ನನಗೆ ನಲವತ್ತಮೂರು ವರ್ಷ. ಅದಕ್ಕೆ ಮೊದಲು ಪಾಂಡವಪುರದ ಜೆರಾಕ್ಸ್ ಅಂಗಡಿಯೊಂದರಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಅಂಗಡಿ ಮುಚ್ಚಿತು. ಕಾಯಿನ್ ಹಾಕಿದರೆ ಒಂದು ಕ್ಯಾನು ನೀರು ಬರುವ ಶುದ್ಧ ನೀರಿನ ಘಟಕಗಳು ಈಗ ಊರೂರಿಗೂ ಇವೆಯಲ್ಲ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಅಂಥ ಒಂದಷ್ಟು ಘಟಕಗಳನ್ನು ರಿಪೇರಿ ಮಾಡುವ ಗುತ್ತಿಗೆ ನಮ್ಮ ಮಾಲೀಕರದು. ದೂರು ಬಂದರೆ ಬರೆದುಕೊಳ್ಳುವುದು, ಮೆಕ್ಯಾನಿಕ್ಕನ್ನು ಕಳಿಸುವುದು, ತಿಂಗಳ ಕೊನೆಗೆ ಬಿಲ್ಲು ಸಿದ್ಧ ಮಾಡುವುದು ನನ್ನ ಕೆಲಸ.

ಮೂವರು ಮೆಕ್ಯಾನಿಕ್ಕುಗಳಿದ್ದರು. ಅವರಲ್ಲಿ ಹಿರಿಯರು ಚಿನಕುರಳಿಯವರು, ಐವತ್ತೇಳು ಐವತ್ತೆಂಟರ ಆಸುಪಾಸು. ಹರೆಯದಲ್ಲಿ ಕಲ್ಲು ಕ್ವಾರಿಯ ಕಂಪ್ರೆಸರ್ ಪಕ್ಕದಲ್ಲೇ ಕಾಲ ಕಳೆದು ಎಡಗಿವಿ ಕೇಳದಂತಾಗಿತ್ತು. ಮೋಟಾರಿನ ಸದ್ದು ಕಿವಿಗಿಂತ ಅಂಗೈಗೇ ಚೆನ್ನಾಗಿ ಗೊತ್ತಾಗುತ್ತದೆ ಎನ್ನುತ್ತಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಅವ್ವ ಎನ್ನುತ್ತಿದ್ದರು. ಆಫೀಸಿಗೆ ಬಂದಾಗಲೆಲ್ಲ ಮೊದಲು ನನ್ನ ಮೇಜಿನ ಫ್ಯಾನು ನೋಡಿ, ಅದರ ಬೋಲ್ಟು ಬಿಗಿ ಮಾಡಿ, ಆಮೇಲೆ ಕೂರುತ್ತಿದ್ದರು.

ಎರಡನೇ ವರ್ಷ ಮಾಲೀಕರು ಆ್ಯಪ್ ತರಿಸಿದರು. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಖರ್ಚು ಎಂಬ ರಿಪೋರ್ಟು ಇಲ್ಲದೆ ಇನ್ನು ಮೇಲೆ ಬಿಲ್ಲು ಪಾಸಾಗುವುದಿಲ್ಲ ಎಂದು ಗುತ್ತಿಗೆ ಕೊಟ್ಟ ಮೇಲಿನವರು ಹೇಳಿದ್ದರಂತೆ. ಪ್ರತಿ ದೂರಿಗೂ ಪರದೆಯ ಮೇಲೆ ಒಂದು ಕಾರ್ಡು. ಮೆಕ್ಯಾನಿಕ್ಕು ಹೋಗಿ ತನ್ನ ಫೋನಿನಲ್ಲಿ ಸ್ಟಾರ್ಟ್ ಒತ್ತಬೇಕು, ಮುಗಿದ ಮೇಲೆ ಸ್ಟಾಪ್. ನಡುವಿನ ನಿಮಿಷಗಳನ್ನು ಕೂಲಿಯಿಂದ ಗುಣಿಸಿ, ಪೆಟ್ರೋಲು, ಸಾಮಾನು ಸೇರಿಸಿ ಆ್ಯಪ್ ತಾನೇ ಖರ್ಚು ತೋರಿಸುತ್ತದೆ. ಗೊತ್ತು ಮಾಡಿದ ಹೊತ್ತು ಮೀರಿದರೆ ಕಾರ್ಡು ಕೆಂಪಾಗುತ್ತದೆ, ಒಳಗಿದ್ದರೆ ಹಸಿರು.

ಯಾವ ಕೆಲಸಕ್ಕೆ ಎಷ್ಟು ನಿಮಿಷ ಎಂದು ತುಂಬುವಂತೆ ಮಾಲೀಕರು ನನಗೇ ಹೇಳಿದರು. ಹಳೇ ರಿಜಿಸ್ಟರು ತೆಗೆದು, ಚಿಕ್ಕವಯಸ್ಸಿನ ಇಬ್ಬರು ಮೆಕ್ಯಾನಿಕ್ಕುಗಳು ಬರೆದದ್ದನ್ನು ನೋಡಿ ಫಿಲ್ಟರ್ ಬದಲಾಯಿಸಲು ನಲವತ್ತು ನಿಮಿಷ ಎಂದು ಹಾಕಿದೆ. ಅಣ್ಣ ರಿಜಿಸ್ಟರಿನಲ್ಲಿ ಹೊತ್ತು ಬರೆಯುತ್ತಲೇ ಇರಲಿಲ್ಲ. 'ಆಯ್ತು' ಎಂದಷ್ಟೇ ಬರೆಯುತ್ತಿದ್ದರು.

ಮೊದಲ ತಿಂಗಳೇ ಅವರ ಕಾರ್ಡುಗಳೆಲ್ಲ ಕೆಂಪು. ಮಾಲೀಕರು ಕೆಟ್ಟವರಲ್ಲ. ಬೈಯಲಿಲ್ಲ, ವಿಚಾರಿಸಿ ಎಂದರು. ಒಂದು ದಿನ ಹೊಸಹೊಳಲಿನ ಕಡೆ ಹೋಗುವ ಕೆಲಸವಿತ್ತು, ದಾರಿಯಲ್ಲಿ ಅಣ್ಣ ಕೆಲಸ ಮಾಡುತ್ತಿದ್ದ ಘಟಕದ ಹತ್ತಿರ ಇಳಿದೆ. ಫಿಲ್ಟರ್ ಬದಲಾಯಿಸಿ ಆಗಿತ್ತು. ಅಣ್ಣ ನೆಲ ತೊಳೆಯುತ್ತಿದ್ದರು. ಆಮೇಲೆ ಘಟಕ ನೋಡಿಕೊಳ್ಳುವ ಹೆಂಗಸನ್ನು ಕರೆದು, ಫಿಲ್ಟರಿಗೆ ಉಲ್ಟಾ ನೀರು ಬಿಟ್ಟು ತೊಳೆಯುವುದನ್ನು ಅವಳ ಕೈಯಲ್ಲೇ ಎರಡು ಸಲ ಮಾಡಿಸಿದರು. ಕಡೆಗೆ ಮೊದಲ ಲೋಟ ನೀರು ತಾವೇ ಕುಡಿದರು.

"ಇಷ್ಟೆಲ್ಲ ಕಾರ್ಡಲ್ಲಿ ಇಲ್ವಲ್ಲಣ್ಣ" ಅಂದೆ.

"ಇದ ಮಾಡ್ದಿದ್ರೆ ಇನ್ನೊಂದು ವಾರಕ್ಕೆ ಮತ್ತೆ ಫೋನ್ ಮಾಡ್ತಾರೆ ಕಣವ್ವ. ಐಕ್ಳು ಮರಿ ಕುಡಿಯೋ ನೀರು, ಅಂಗೆ ಬುಟ್ಟು ಬರಾಕಾಯ್ತದಾ?"

ನಿಜವೇ. ನಾನು ಆಫೀಸಿಗೆ ಬಂದು ಎಣಿಸಿದೆ. ಅವರು ಮುಟ್ಟಿದ ಘಟಕಗಳಿಂದ ಮತ್ತೆ ದೂರು ಬರುತ್ತಿದ್ದುದು ತೀರಾ ಕಮ್ಮಿ. ಉಳಿದವರು ನಲವತ್ತು ನಿಮಿಷದಲ್ಲಿ ಮುಗಿಸಿದ ಕಡೆಗೆ ತಿಂಗಳಲ್ಲಿ ಎರಡು ಸಲ, ಮೂರು ಸಲ ಹೋಗಬೇಕಿತ್ತು. ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮಾಲೀಕರಿಗೆ ತೋರಿಸಿದೆ.

ಅವರು ನಿಧಾನವಾಗಿ ಓದಿದರು. "ನಂಗೆ ಗೊತ್ತು ಅಕ್ಕ. ಆದ್ರೆ ಕೆಡದೇ ಇರೋ ಘಟಕಕ್ಕೆ ಕಾರ್ಡೇ ಹುಟ್ಟಲ್ಲ. ಬಿಲ್ ನೋಡೋರಿಗೆ ಇದನ್ನ ಎಲ್ಲಿ ಅಂತ ತೋರ್ಸಲಿ? ಇನ್ನೆರಡು ತಿಂಗಳು ಕೆಂಪು ಬಂದ್ರೆ ನಾನು ಅವ್ರನ್ನ ಇಟ್ಕೊಳ್ಳೋಕಾಗಲ್ಲ."

ಹೇಗಾದರೂ ಮಾಡಿ ಅವರ ಕೆಲಸ ಉಳಿಸಬೇಕೆಂದು ನನಗೆ ಹಟ ಬಂತು. ಮಾರನೆಯ ದಿನ ಸಾಮಾನು ಒಯ್ಯಲು ಬಂದವರನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು ಹೇಳಿದೆ. "ಅಣ್ಣ, ನಲವತ್ತು ನಿಮಿಷ ಆಗ್ತಿದ್ದಂಗೆ ಸ್ಟಾಪ್ ಒತ್ಬುಡಿ. ಆಮೇಲೆ ನೆಲ ತೊಳೀರಿ, ಕಲಿಸಿ, ನಿಮ್ಮಿಷ್ಟ. ಯಾರೂ ಕೇಳಲ್ಲ."

"ಕೆಲ್ಸ ಮಾಡ್ತಾನೇ ಇದ್ದು ಮುಗೀತು ಅನ್ನೋದಾ? ಸುಳ್ಳಾಗಾಕಿಲ್ವಾ?"

"ಅದ್ರಿಂದ ಯಾರಿಗಣ್ಣ ನಷ್ಟ?"

ಅವರು ಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ನೀವ್ ಯೋಳುದ್ಮೇಲೆ ಸರಿ ಬುಡಿ" ಅಂದರು.

ಮುಂದಿನ ತಿಂಗಳು ಅವರ ಕಾರ್ಡುಗಳೆಲ್ಲ ಹಸಿರಾದವು. ಮಾಲೀಕರು ಖುಷಿಯಾದರು. ನಾನಂತೂ ಏನೋ ದೊಡ್ಡದು ಸಾಧಿಸಿದವಳಂತೆ ಮನೆಯಲ್ಲಿ ಗಂಡನಿಗೂ ಹೇಳಿಕೊಂಡೆ.

ಆದರೆ ಆ ಆ್ಯಪ್‌ಗೆ ಇನ್ನೊಂದು ಗುಣವಿತ್ತು. ಯಾರು ಬೇಗ ಮುಗಿಸುತ್ತಾರೋ ಅವರಿಗೆ ಅದು ತಾನಾಗಿಯೇ ಮುಂದಿನ ದೂರು ಕೊಡುತ್ತಿತ್ತು. ದಿನಕ್ಕೆ ನಾಲ್ಕು ಕೆಲಸ ಮಾಡುತ್ತಿದ್ದ ಅಣ್ಣನಿಗೆ ಐದಾಯಿತು, ಆರಾಯಿತು, ಮಳೆಗಾಲ ಕಳೆಯುವ ಹೊತ್ತಿಗೆ ಏಳು. ಅವರೋ ಒಂದೊಂದು ಕಡೆಯೂ ಸ್ಟಾಪ್ ಒತ್ತಿದ ಮೇಲೆ ಅರ್ಧ ಮುಕ್ಕಾಲು ಗಂಟೆ ನಿಲ್ಲುವವರು. ಬೈಕಿನ ಮೇಲೆ ಕೂತೇ ಊಟದ ಡಬ್ಬಿ ಬಿಚ್ಚುತ್ತಿದ್ದರಂತೆ. ಆಫೀಸಿಗೆ ಬಂದರೂ ಫ್ಯಾನಿನ ಕಡೆ ನೋಡುತ್ತಿರಲಿಲ್ಲ.

"ನಾನು ಬಿರ್‌ಬಿರ್ನೆ ಮಾಡ್ತೀನಿ ಅಂತ ಆ ಫೋನು ಅಂದ್ಕೊಂಡ್ಬುಟ್ಟದೆ" ಎಂದರು ಒಮ್ಮೆ, ನಗುತ್ತಲೇ.

ಮಾಲೀಕರ ಹತ್ತಿರ ಮಾತಾಡುತ್ತೇನೆ ಎಂದೆ. ಏನೆಂದು ಮಾತಾಡಲಿ? ಅವರು ಅಷ್ಟು ಬೇಗ ಮುಗಿಸುವುದಿಲ್ಲ, ನಾನೇ ಸುಳ್ಳು ಒತ್ತಿಸುತ್ತಿದ್ದೇನೆ ಎಂದರೆ ಮತ್ತೆ ಕೆಂಪು. ಈ ವಾರ ಬೇಡ, ಮುಂದಿನ ವಾರ ಎಂದು ದಿನ ತಳ್ಳಿದೆ.

ಅಷ್ಟರಲ್ಲಿ ಒಂದು ದಿನ ನಾಗಮಂಗಲ ತಾಲ್ಲೂಕಿನ ಅಂಚಿನ ಒಂದು ಹಳ್ಳಿಯಿಂದ ಮಧ್ಯಾಹ್ನ ಮೂರು ಗಂಟೆಯ ಮೇಲೆ ನನಗೆ ಫೋನ್ ಬಂತು. ಅಲ್ಲಿಯ ಘಟಕ ನೋಡಿಕೊಳ್ಳುವ ಹೆಂಗಸು. "ಮೇಡಂ, ನಿಮ್ ಮೆಕ್ಯಾನಿಕ್ಕು ಏಣಿಯಿಂದ ಬಿದ್ಬುಟ್ಟವ್ರೆ. ಏಳಾಕಾಯ್ತಿಲ್ಲ." ನಾನು ಪರದೆ ನೋಡಿದೆ. ಆ ಊರಿನ ಕಾರ್ಡು ಎರಡು ಹತ್ತಕ್ಕೇ ಮುಗಿದಿತ್ತು, ಹಸಿರು. ಕೆಲಸ ಮುಗಿಸಿದ ಮೇಲೆ ಮೇಲಿನ ಟ್ಯಾಂಕಿಗೆ ಪಾಚಿ ಕಟ್ಟಿದ್ದು ಕಂಡಿದೆ, ತೊಳೆಯಲು ಹತ್ತಿದ್ದಾರೆ. ತಾವೇ ತೊಳೆದಿದ್ದ ಒದ್ದೆ ನೆಲದ ಮೇಲೆ ಏಣಿ ಜಾರಿದೆ. ಸೊಂಟದ ಮೂಳೆ ಮುರಿಯಿತು.

ನಮಗೆಲ್ಲ ಅಪಘಾತದ ವಿಮೆ ಇತ್ತು, ಕೆಲಸದ ಹೊತ್ತಿನಲ್ಲಿ ಆದದ್ದಕ್ಕೆ ಮಾತ್ರ. ವಿಚಾರಣೆಗೆ ಬಂದ ಮನುಷ್ಯ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪರದೆ ನೋಡಿದ. ಸೌಮ್ಯವಾಗಿಯೇ ಕೇಳಿದ, "ಎರಡು ಹತ್ತಕ್ಕೆ ಕೆಲಸ ಮುಗಿದಿದೆ. ಮೂರು ಗಂಟೆಗೆ ಅವರು ಅಲ್ಲಿ ಏನು ಮಾಡ್ತಾ ಇದ್ರು?"

"ಕೆಲಸ ಮಾಡ್ತಾ ಇದ್ರು" ಅಂದೆ.

"ಮತ್ತೆ ಮುಗೀತು ಅಂತ ಯಾಕೆ ಒತ್ತಿದ್ರು?"

ಎದುರಿಗಿದ್ದ ಮಾಲೀಕರು ನನ್ನ ಮುಖ ನೋಡಿದರು.

ಆತ ಹೋದ ಮೇಲೆ ಮಾಲೀಕರಿಗೆ ಎಲ್ಲ ಹೇಳಿದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದರು. "ಇದನ್ನ ಬರ್ದು ಕೊಟ್ರೆ ಇಷ್ಟು ತಿಂಗಳ ರಿಪೋರ್ಟೆಲ್ಲ ಸುಳ್ಳು ಅಂತ ನಾವೇ ಒಪ್ಕೊಂಡಂಗೆ. ಗುತ್ತಿಗೆ ಹೋಯ್ತದೆ. ಡ್ರೈವರು, ಹೆಲ್ಪರು ಎಲ್ಲ ಸೇರಿ ಹನ್ನೊಂದು ಜನ ಇದೀವಿ. ನೀವೇ ಯೋಚ್ನೆ ಮಾಡಿ ಅಕ್ಕ."

ಸ್ಟಾಪ್ ಒತ್ತಿಸಿದ್ದು ನಾನೇ ಎಂದು ವಿಮೆಯವರಿಗೆ ಕಾಗದ ಬರೆದೆ. ಬರೆದು ನಾಲ್ಕು ದಿನ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದೆ. ಐದನೇ ದಿನ, ಕೆಲಸ ಹೋದರೆ ಹೋಗಲಿ ಎಂದು ಮೈಸೂರಿಗೆ ಹೋಗಿ ವಿಮೆಯವರ ಆಫೀಸಿನಲ್ಲಿ ಕೊಟ್ಟು ಬಂದೆ. ಆರು ವಾರದ ಮೇಲೆ ಉತ್ತರ ಬಂತು. ಕಂಪ್ಯೂಟರಿನಲ್ಲಿ ದಾಖಲಾದ ಸಮಯವೇ ಆಧಾರ, ಸಹೋದ್ಯೋಗಿಯ ಹೇಳಿಕೆಯನ್ನು ಪರಿಗಣಿಸಲಾಗದು, ಇಷ್ಟೇ. ಬೇರೆ ಯಾರೂ ನನ್ನ ಕಾಗದ ಓದಿದಂತಿಲ್ಲ. ಅದರಿಂದ ಗುತ್ತಿಗೆಯೂ ಹೋಗಲಿಲ್ಲ, ನನ್ನ ಕೆಲಸವೂ ಹೋಗಲಿಲ್ಲ, ಅಣ್ಣನಿಗೆ ಏನೂ ಸಿಗಲಿಲ್ಲ. ಮೊದಲ ಆಪರೇಶನ್ನಿನ ಖರ್ಚನ್ನು ಮಾಲೀಕರು ಕೈಯಿಂದ ಕೊಟ್ಟರು. ಇನ್ನೊಂದು ಆಗಬೇಕು ಎಂದಿದ್ದಾರೆ ಡಾಕ್ಟರು. ಅದು ಆಗಿಲ್ಲ.

ಈಗ ಆ್ಯಪ್‌ನಲ್ಲಿ ಸ್ಟಾಪ್ ಒತ್ತಬೇಕಾದರೆ ಫೋಟೊ ಕೇಳುತ್ತದೆ, ಒತ್ತಿದ ಹತ್ತು ನಿಮಿಷದೊಳಗೆ ಆ ಜಾಗ ಬಿಟ್ಟು ಹೊರಡದಿದ್ದರೆ ನನ್ನ ಪರದೆಯಲ್ಲಿ ಗಂಟೆ ಬಾರಿಸುತ್ತದೆ. ಅಣ್ಣನ ಜಾಗಕ್ಕೆ ಬಂದವನು ಮೂವತ್ತೈದು ನಿಮಿಷದಲ್ಲಿ ಮುಗಿಸುತ್ತಾನೆ. ಅಣ್ಣ ನೋಡಿಕೊಳ್ಳುತ್ತಿದ್ದ ಊರುಗಳಿಂದಲೂ ಈಗ ಮತ್ತೆ ಮತ್ತೆ ದೂರು ಬರುತ್ತದೆ. ಒಂದೊಂದಕ್ಕೂ ಹೊಸ ಕಾರ್ಡು ತೆರೆಯುತ್ತೇನೆ.

ಚಿನಕುರಳಿಗೆ ನಾನು ಮೂರು ಸಲ ಹೋದೆ. ಮೊದಲ ಸಲ ಅಣ್ಣ ಮಂಚದ ಮೇಲೆ ಒರಗಿಕೊಂಡು, "ಆ ಟ್ಯಾಂಕು ಯಾರಾರ ತೊಳುದ್ರಾ?" ಎಂದು ಕೇಳಿದರು. ತೊಳೆದರು ಎಂದು ಸುಳ್ಳು ಹೇಳಿದೆ.

ಎರಡನೇ ಸಲ ಅವರು ನಿದ್ದೆ ಮಾಡುತ್ತಿದ್ದರು. ಅವರ ಹೆಂಡತಿ ಜಗುಲಿಯ ಮೇಲೆ ಕೂತು ನನಗೆ ಹೇಳಿದರು, "ಕೆಲ್ಸ ಮುಗ್ಸಿ ಅಲ್ಲೇನ್ ಮಾಡ್ತಿದ್ರು ಅಂತ ಎಲ್ರೂ ಕೇಳ್ತಾವ್ರೆ ಕಣಕ್ಕ. ಊರಲ್ಲಿ ಏನೇನೋ ಮಾತಾಡ್ತಾವ್ರೆ. ನಾನೂ ಕೇಳ್ದೆ. ಮುಗೀತು ಅಂತ ಯಾಕ್ ಒತ್ತುದ್ರಿ ಅಂದ್ರೆ ಬಾಯೇ ಬುಡಾಕಿಲ್ಲ."

ಅಣ್ಣ ನನ್ನ ವಿಷಯ ಹೆಂಡತಿಗೂ ಹೇಳಿರಲಿಲ್ಲ. ಹೇಳಿಬಿಟ್ಟೆ. ಒತ್ತಿ ಎಂದು ಹೇಳಿಕೊಟ್ಟವಳು ನಾನೇ ಎಂದೆ.

ಆಕೆ ಎದ್ದು ಒಳಗೆ ಹೋಗಿ ಕಾಫಿ ಮಾಡಿ ತಂದು ನನ್ನ ಮುಂದೆ ಇಟ್ಟರು. ಮತ್ತೆ ಕೂರಲಿಲ್ಲ. ನಾನು ಕುಡಿದು ಮುಗಿಸುವವರೆಗೂ ಕಂಬ ಹಿಡಿದು ಬೀದಿ ನೋಡುತ್ತ ನಿಂತಿದ್ದರು.

ಮೂರನೇ ಸಲ ಅವರ ಹೆಂಡತಿ ಬಾಗಿಲಿಗೇ ಬಂದು, "ಮನಗವ್ರೆ, ನಿದ್ದೆ ಮಾಡ್ತಾವ್ರೆ" ಎಂದರು. ಒಳಗಿನಿಂದ ಅಣ್ಣನ ದನಿ ಕೇಳಿಸಿತು, "ಯಾರ್ ಬಂದೋರು?" ಆಕೆ ತಿರುಗಿಯೂ ನೋಡಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ತಂದಿದ್ದ ಹಣ್ಣನ್ನು ಜಗುಲಿಯ ಮೇಲಿಟ್ಟು ಬಸ್ಸಿಗೆ ಬಂದು ನಿಂತೆ. ಆಮೇಲೆ ನಾನು ಆ ಊರಿಗೆ ಹೋಗಿಲ್ಲ.